ಅಕ್ಕಿಯಲ್ಲಿ ಬರೆದ ಹೆಸರು

ಗಂಡನ ಮನೆಯವರು ನನಗಿಟ್ಟ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ಸ್ವಂತ ಹೆಸರನ್ನೂ ಬರೆಯುವುದಿಲ್ಲ. ಅದರ ಮೇಲೆ ಈಗಾಗಲೇ ಬೇಕಾದಷ್ಟು ಜನ ಕೈಯಾಡಿಸಿದ್ದಾರೆ.

ಮದುವೆಯ ದಿನ ಸಂಜೆ ಖಾನಾಪುರದ ಆ ಮನೆಯ ಹೊಸ್ತಿಲು ದಾಟಿದ ಮೇಲೆ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಎದುರಿಗೆ ಹಿತ್ತಾಳೆಯ ದೊಡ್ಡ ತಾಟು, ಅದರಲ್ಲಿ ಹರವಿದ ಅಕ್ಕಿ. ಗಂಡ ತನ್ನ ಉಂಗುರ ತೆಗೆದು ಅದರಿಂದ ಅಕ್ಕಿಯಲ್ಲಿ ಗೀರಿ ಗೀರಿ ಒಂದು ಹೆಸರು ಬರೆದ. ಸುತ್ತ ನಿಂತ ಹೆಂಗಸರು ಅದನ್ನು ಓದಿ ಚೆಂದ ಐತಿ, ಚೆಂದ ಐತಿ ಎಂದು ತಲೆಯಾಡಿಸಿದರು. ಇನ್ನು ಮೇಲೆ ನಾನು ಅವಳು. ಹೆಸರು ಆರಿಸಿದ್ದು ನಮ್ಮ ಅತ್ತೆ. ನನ್ನನ್ನು ಒಬ್ಬರೂ ಒಂದು ಮಾತು ಕೇಳಿರಲಿಲ್ಲ.

"ನನಗೊಂದು ಹೆಸರು ಐತಲ್ರೀ ಅತ್ತಿ," ಎಂದೆ.

"ಅದು ನಿಮ್ಮಪ್ಪನ ಮನಿಗಾತು. ನಮ್ಮ ಹೆಸರೂ ಹಿಂಗಾ ಬದಲಿ ಮಾಡಿದ್ರು. ನಾವೇನು ಸತ್ತೇವೇನು?"

ಸತ್ತಿರಲಿಲ್ಲ, ನಿಜ. ಗಟ್ಟಿಮುಟ್ಟಾಗಿ ಬದುಕಿ ನನ್ನೆದುರಿಗೆ ಕೂತಿದ್ದರು. ಮರುದಿನ ಆ ಅಕ್ಕಿಯಲ್ಲೇ ಪಾಯಸ ಮಾಡಿದರು. ಹಲ್ಲುನೋವು ಎಂದು ಹೇಳಿ ನಾನು ಮುಟ್ಟಲಿಲ್ಲ.

ನನ್ನ ತವರು ಶಹಾಪುರ, ನೇಕಾರರ ಬಡಾವಣೆ. ಕೆಳಗೆ ಪವರ್‌ಲೂಮು, ಮೇಲೆ ಮನೆ. ಬೆಳಗಿನಿಂದ ಕತ್ತಲಾಗುವವರೆಗೆ ಆ ಸದ್ದು ನಿಲ್ಲುತ್ತಿರಲಿಲ್ಲ, ಮಾತಾಡಬೇಕೆಂದರೆ ಎಲ್ಲರೂ ಕೂಗಲೇಬೇಕು. ನನಗೆ ಹೆಸರಿಟ್ಟ ಅಜ್ಜಿ ಮಹಡಿಯ ಮೆಟ್ಟಿಲ ಮೇಲೆ ನಿಂತು, ಮಗ್ಗಗಳ ಸದ್ದನ್ನು ಮೀರಿಸಿ, ಗಂಟಲು ಹರಿಯುವಂತೆ ಅದನ್ನು ಕರೆಯುತ್ತಿದ್ದಳು. ಓಣಿಯ ತುದಿಯಲ್ಲಿ ಆಡುತ್ತಿದ್ದರೂ ನನಗೆ ಕೇಳಿಸುತ್ತಿತ್ತು. ಅಷ್ಟು ಕಷ್ಟಪಟ್ಟು ಕರೆದ ಹೆಸರನ್ನು ಒಂದು ತಾಟು ಅಕ್ಕಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಆ ಮನೆಯಲ್ಲಿ ಯಾರು ಹೊಸ ಹೆಸರಿನಿಂದ ಕರೆದರೂ ನಾನು ಓಗೊಡುತ್ತಿರಲಿಲ್ಲ. ಸೊಸೆಗೆ ಕಿವಿ ಮಂದ ಎಂದು ಅತ್ತೆ ನಂದಗಡದ ಬೀಗರಿಗೆಲ್ಲ ಹೇಳಿಬಿಟ್ಟರು.

ನಾನು ಕೆಲಸ ಮಾಡುವುದು ಟಿಳಕವಾಡಿಯ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ. ದಿನಾ ಖಾನಾಪುರದಿಂದ ಬಂದು ಹೋಗುತ್ತೇನೆ. ನಗರದ ಒಂದು ಖಾಸಗಿ ಆಸ್ಪತ್ರೆಗೆ ನಾವು ಆ್ಯಪ್ ಮಾಡಿಕೊಟ್ಟಿದ್ದೆವು. ಅದರಲ್ಲಿ ಲಾಗಿನ್ ಮತ್ತು ಪ್ರೊಫೈಲ್ ಪುಟ ನನ್ನ ಪಾಲಿನವು. ಯಾರು ಯಾರೆಂದು ನೆನಪಿಟ್ಟುಕೊಳ್ಳುವ ಕೆಲಸಕ್ಕೆ ಒಂದು ಕ್ಲೌಡ್ ಸೇವೆಯನ್ನು ಬಾಡಿಗೆಗೆ ಹಿಡಿದಿದ್ದೆವು. ನೀವು ಮೊಬೈಲ್ ನಂಬರ್ ಕೊಟ್ಟು, ಅದಕ್ಕೆ ಬಂದ ಓಟಿಪಿ ಹಾಕಿದರೆ ಅದು ನಿಮಗೊಂದು ಟೋಕನ್, ಅಂದರೆ ಒಳಗೆ ಬಿಡುವ ಚೀಟಿ, ಕೊಡುತ್ತದೆ. ಆಮೇಲೆ ಆ ಟೋಕನ್ ತೋರಿಸಿ ನನ್ನ ಹೆಸರು ಬದಲಿಸು ಎಂದರೆ ಬದಲಿಸುತ್ತದೆ, ಊರು ಬದಲಿಸು ಎಂದರೆ ಬದಲಿಸುತ್ತದೆ. ಟೋಕನ್ ಸರಿಯಿದೆಯೇ ಎಂದಷ್ಟೇ ನೋಡುತ್ತದೆ. ಒತ್ತುತ್ತಿರುವ ಬೆರಳು ಯಾರದ್ದು ಎಂಬ ಉಸಾಬರಿ ಅದಕ್ಕಿಲ್ಲ. ಇನ್ನೊಂದು ದಾರಿ ಅಡ್ಮಿನ್‌ನದು. ಅಲ್ಲಿ ಯಾರ ಟೋಕನ್ನೂ ಬೇಡ, ಕಚೇರಿಯಲ್ಲಿ ಕೂತವರು ಯಾರ ವಿವರವನ್ನಾದರೂ ಅವರಿಗೆ ಹೇಳದೆ ಕೇಳದೆ ಬದಲಿಸಬಹುದು. ಆ ದಾರಿ ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅದನ್ನು ನೋಡಿದಾಗಲೆಲ್ಲ ಹಿತ್ತಾಳೆಯ ತಾಟು ಕಣ್ಣ ಮುಂದೆ ಬರುತ್ತದೆ.

ಗುರುತಿನ ಚೀಟಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಹೆಸರಿಗೆ ಬೀಗ ಹಾಕೋಣ, ಇಲ್ಲವೇ ಬದಲಿಸುವಾಗ ಇನ್ನೊಮ್ಮೆ ಓಟಿಪಿಯನ್ನಾದರೂ ಕೇಳೋಣ ಎಂದು ನಾನು ಜಗಳಕ್ಕೆ ಬಿದ್ದಿದ್ದೆ. ನಮ್ಮ ಮ್ಯಾನೇಜರ್ ಒಪ್ಪಲಿಲ್ಲ.

"ಮೇಡಂ, ನಮ್ಮ ಕಡೆ ಮದುವಿ ಆದ ಮ್ಯಾಲೆ ಹೆಣ್ಮಕ್ಕಳ ಹೆಸರು ಬದಲಿ ಆಗ್ತಾವ. ನಿಮಗ ಗೊತ್ತಿಲ್ಲೇನು? ಕೌಂಟರಿಗೆ ಬಂದು ತಕರಾರು ತಗೀತಾರ. ಓಪನ್ ಇರ್ಲಿ ಬಿಡ್ರಿ."

ಹೋಗಿ ಹೋಗಿ ನನಗೇ ಹೇಳಿದ ಪುಣ್ಯಾತ್ಮ. ಹೆಸರು ಓಪನ್ ಆಗಿಯೇ ಉಳಿಯಿತು.

ಬಸುರಿಯಾದಾಗ ಹೆಸರು ಹಚ್ಚಿಸಲು ಅದೇ ಆಸ್ಪತ್ರೆಗೆ ಹೋದೆವು. ಕೌಂಟರಿನ ಹುಡುಗಿ ನನ್ನ ಆಧಾರ್ ಕಾರ್ಡ್ ನೋಡಿ ಹೆಸರು ಸರಿಯಾಗಿಯೇ ಬರೆದುಕೊಂಡಳು. ಅಷ್ಟರಲ್ಲಿ ನನಗೆ ವಾಕರಿಕೆ ಬಂದು ಬಚ್ಚಲಿಗೆ ಓಡಿದೆ. ಬಾಯಿ ತೊಳೆದುಕೊಂಡು ಬರುವುದರೊಳಗೆ ಅವಳು ನನ್ನ ಗಂಡನ ನಂಬರ್ ಹಾಕಿ ಮುಗಿಸಿದ್ದಳು. ಹೆಂಗಸು ರೋಗಿಯಾದರೆ ನಂಬರ್ ಗಂಡನದೇ, ಅದನ್ನು ಕೇಳುವ ಪದ್ಧತಿಯೇ ಇಲ್ಲ. ಅವನು ಅಲ್ಲೇ ನಿಂತು ತನ್ನ ಫೋನಿನಲ್ಲಿ ಆ್ಯಪ್ ಇಳಿಸಿಕೊಂಡು, ನಾನೇ ಎಂಬಂತೆ ನನ್ನ ಖಾತೆಯೊಳಗೆ ಹೊಕ್ಕಿದ್ದ.

"ನಂಬರ್ ನಂದು ಹಾಕಸ್ರಿ," ಎಂದೆ.

"ಏನ್ ಫರಕ್ ಬೀಳ್ತದ? ನೀ ಬ್ಯಾರೆ, ನಾ ಬ್ಯಾರೆ ಏನು?"

ಕೇಳಲು ಚೆಂದದ ಮಾತು. ನನಗೆ ಮತ್ತೆ ವಾಕರಿಕೆ ಬಂತು.

ಹೆರಿಗೆ ಬೆಳಗಿನ ಹೊತ್ತಿಗಾಯಿತು, ಸಿಸೇರಿಯನ್. ಹೆಣ್ಣು. ಮಧ್ಯಾಹ್ನ ನನ್ನ ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿ, ಕಿವಿಗೆ ಅರಳೆ ತುರುಕಿ, ಅತ್ತೆ ಮಂಚದ ಬಾಜುವಿನಲ್ಲಿ ಕುಳಿತಿದ್ದರು. ಗಂಡ ಕಿಟಕಿಯ ಬಳಿ ನಿಂತು ತನ್ನ ಗೊಬ್ಬರದ ಅಂಗಡಿಯ ಗಿರಾಕಿಯ ಜತೆ ಫೋನಿನಲ್ಲಿದ್ದ. ದಾಖಲೆ ವಿಭಾಗದ ಗುಮಾಸ್ತ ಬಂದು, ಜನನ ನೋಂದಣಿಗೆ ಕಳಿಸುವ ವಿವರ ಒಮ್ಮೆ ಕೇಳಿಸಿಕೊಳ್ಳಿ ಎಂದು ಓದತೊಡಗಿದ. ಕೂಸು ಹೆಣ್ಣು. ತಂದೆಯ ಹೆಸರು ಇದು. ತಾಯಿಯ ಹೆಸರು ಎಂದು ಅವನು ಓದಿದ್ದು ತಾಟಿನೊಳಗಿನ ಹೆಸರನ್ನು.

ನಾನು ಕಿವಿಯ ಅರಳೆ ಕಿತ್ತು ಇನ್ನೊಮ್ಮೆ ಓದಿಸಿದೆ. ಅದೇ.

ಗಂಡನನ್ನು ನೋಡಿದೆ. ಅವನು ಫೋನ್ ಕೆಳಗಿಳಿಸಿದ. "ಅವ್ವ ಹೇಳಿದ್ಲು. ಪ್ರೊಫೈಲ್‌ನ್ಯಾಗ ಹೆಸರು ಹಳೇದಾ ಐತಿ, ಬದಲಿ ಮಾಡು ಅಂದ್ಲು. ಒತ್ತಿದೆ, ಆತು."

ಹೌದು, ಒತ್ತಿದರೆ ಆಗುತ್ತದೆ. ಆ ಗುಂಡಿಯನ್ನು ಕೂರಿಸಿದವಳೇ ನಾನು.

"ಮೊಮ್ಮಗಳ ತಾಯಿ ಹೆಸರು ನಮ್ಮ ಮನಿ ಹೆಸರಾ ಇರಬೇಕಲ್ಲ," ಎಂದರು ಅತ್ತೆ. "ನಾಳೆ ಸಾಲಿಗೆ ಹಚ್ಚುವಾಗ ಮಂದಿ ಏನಂದಾರು?"

ನನ್ನ ಮೈಯೆಲ್ಲ ಉರಿದುಹೋಯಿತು. ಆ ಹೆಸರಿನ ಹೆಂಗಸು ಭೂಮಿಯ ಮೇಲೆ ಇಲ್ಲ. ಅವಳಿಗೆ ಆಧಾರ್ ಇಲ್ಲ, ಡಿಗ್ರಿ ಇಲ್ಲ, ಒಂದು ಬಸ್ ಪಾಸ್ ಕೂಡ ಇಲ್ಲ. ನಾನು ಹೆತ್ತ ಕೂಸು, ಇಲ್ಲದವಳೊಬ್ಬಳ ಮಗಳಾಗಿ ಸರ್ಕಾರದ ದಾಖಲೆ ಸೇರಲಿತ್ತು. ನಾನು ಗುಮಾಸ್ತನಿಗೆ ಆಧಾರ್ ಕಾರ್ಡ್ ತೋರಿಸಿದೆ.

"ಕಾರ್ಡಿನ್ಯಾಗ ಬ್ಯಾರೆ ಐತಿ, ಖರೇ," ಎಂದ. "ಆದ್ರ ನಾವು ಸಿಸ್ಟಮಿನ್ಯಾಗ ಇದ್ದದ್ದನ್ನ ಕಳಸ್ತೇವ್ರಿ. ಸಂಜಿಗೆ ಹೋಗ್ತದ. ಅಷ್ಟರಾಗ ಆ್ಯಪ್‌ನ್ಯಾಗ ತಿದ್ದಿದ್ರ ತಾನಾ ತಿದ್ದಿ ಬರ್ತದ."

ನನ್ನ ಫೋನಿನಲ್ಲಿ ಆ್ಯಪ್ ತೆರೆದು ಗಂಡನ ನಂಬರ್ ಹಾಕಿದೆ. ಕಿಟಕಿಯ ಬಳಿ ಅವನ ಫೋನ್ ಟಿಂಗ್ ಎಂದಿತು.

"ಓಟಿಪಿ ಹೇಳ್ರಿ."

ಅವನು ಫೋನ್ ನೋಡಿದ. ಆಮೇಲೆ ತನ್ನ ಅವ್ವನನ್ನು ನೋಡಿದ.

"ಬಾಣಂತಿ ಇದ್ದಿ, ಫೋನ್ ನೋಡಬ್ಯಾಡ. ಕಣ್ಣು ಹೋಗ್ತಾವ," ಎಂದರು ಅತ್ತೆ, ನನ್ನ ಹೊದಿಕೆ ಸರಿಮಾಡುತ್ತ.

"ಹೇಳ್ರಿ," ಎಂದೆ ಮತ್ತೆ.

"ಚಾ ತರ್ತೀನಿ," ಎಂದು ಅವನು ಫೋನನ್ನು ಅಂಗಿಯ ಜೇಬಿಗೆ ಇಳಿಸಿಕೊಂಡು ಹೊರಗೆ ನಡೆದ. ಓಟಿಪಿಯ ಅವಧಿ ಮುಗಿಯಿತು ಎಂದು ಪರದೆಯ ಮೇಲೆ ಬಂತು. ಆ ಸೂಚನೆಯ ವಾಕ್ಯವೂ ನಾನೇ ಬರೆದದ್ದು. ದಯವಿಟ್ಟು ಮತ್ತೆ ಪ್ರಯತ್ನಿಸಿ ಎಂದು ಎಷ್ಟು ಸಭ್ಯವಾಗಿ ಬರೆದಿದ್ದೆ. ಹೊಟ್ಟೆಯ ಹೊಲಿಗೆ ಒತ್ತಿ ಹಿಡಿದು ನಾನು ಎದ್ದು ಕುಳಿತೆ.

ಕಚೇರಿಯಲ್ಲಿ ನನ್ನ ಜತೆ ಕೆಲಸ ಮಾಡುವವಳಿಗೆ ಫೋನ್ ಹಚ್ಚಿದೆ. ಅಡ್ಮಿನ್ ದಾರಿಯ ಕೀಲಿ ಅವಳ ಬಳಿ ಇತ್ತು. ಎಲ್ಲ ಕೇಳಿ, "ಅಕ್ಕಾ, ನಾ ಇಲ್ಲಿಂದಾ ಹೆಸರು ಬದಲಿ ಮಾಡಿಬಿಡ್ಲಿ? ಈಗಿಂದೀಗ ಆಗ್ತದ," ಎಂದಳು.

"ಹೆಸರು ಮುಟ್ಟಬ್ಯಾಡ," ಎಂದೆ. "ನಂಬರ್ ಅಷ್ಟಾ ನಂದು ಹಾಕು. ಹಳೇ ಟೋಕನ್ ಎಲ್ಲಾ ರದ್ದು ಮಾಡು. ಹೆಸರು ನಾ ಬರೀತೀನಿ."

"ನಂಬರ್ ಬದಲಿ ಮಾಡಾಕ ಆಧಾರ್ ಫೋಟೋ ಕಳಸ್ರಿ ಮತ್ತ. ಆಸ್ಪತ್ರೆಯವರ ಒಪ್ಪಿಗೀನೂ ಬೇಕು. ರೂಲ್ಸ್ ಅದ."

"ಕಳಸ್ತೀನಿ. ರೂಲ್ಸ್ ಬಿಡಬ್ಯಾಡ."

ಗುಮಾಸ್ತ ಅಲ್ಲೇ ನಿಂತು ಕಾರ್ಡನ್ನೂ ನನ್ನ ಮುಖವನ್ನೂ ನೋಡಿ, ತನ್ನ ಫೋನಿನಿಂದ ಒಪ್ಪಿಗೆ ಕಳಿಸಿದ. ಅತ್ತೆ ಎದ್ದು ನಿಂತರು.

"ಇಷ್ಟು ಹಟ ಯಾಕ? ಒಂದು ಹೆಸರಿಗೆ?"

"ಒಂದಾ ಇತ್ರಿ ಅತ್ತಿ. ಅದಕ್ಕಾ."

ಈ ಸಲ ಓಟಿಪಿ ನನ್ನ ಫೋನಿಗೆ ಬಂತು. ತೊಡೆಯ ಮೇಲೆ ಕೂಸು, ಎಡಗೈಯಲ್ಲಿ ಸಲೈನ್ ಸೂಜಿ. ಬಲಗೈಯ ಹೆಬ್ಬೆರಳಿನಿಂದ ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದು ಉಳಿಸಿದೆ. ಗುಮಾಸ್ತ ಮತ್ತೆ ಓದಿದ. ಸರಿಯಿತ್ತು. ಅಷ್ಟರಲ್ಲಿ ಗಂಡ ಚಹಾ ಹಿಡಿದುಕೊಂಡು ಬಂದು, ಆ್ಯಪ್ ಮತ್ತೆ ಲಾಗಿನ್ ಕೇಳಾಕತ್ತದ, ಯಾಕ ಎಂದು ಕೇಳಿದ.

"ನಿಮ್ಮ ಹೆಸರಲೇ ಲಾಗಿನ್ ಆಗ್ರಿ," ಎಂದೆ. ಚಹಾ ಆರಿಹೋಗಿತ್ತು, ಕುಡಿಯಲಿಲ್ಲ.

ಬಾಣಂತನ ಮುಗಿಸಿ ಕಚೇರಿಗೆ ಮರಳಿದ ಮೊದಲ ವಾರವೇ ಮ್ಯಾನೇಜರ್ ಎದುರು ಕೂತು, ಖಾತ್ರಿಯಾದ ಹೆಸರಿಗೆ ಬೀಗ ಹಾಕಿಸಿದೆ. ಗೊಣಗಿದ. ಗೊಣಗಲಿ. ಈಗ ಟೋಕನ್ ಇದ್ದ ಮಾತ್ರಕ್ಕೆ ಯಾರೂ ಯಾರ ಹೆಸರನ್ನೂ ಮುಟ್ಟುವ ಹಾಗಿಲ್ಲ. ಖಾನಾಪುರದ ಮನೆಗೆ ಮಾತ್ರ ಬೀಗ ಹಾಕಲು ಆಗಲಿಲ್ಲ. ಅತ್ತೆ ಅದೇ ಹೆಸರಿನಿಂದ ಕರೆಯುತ್ತಿದ್ದರು, ಗಂಡನೂ ಕರೆಯುತ್ತಿದ್ದ. ನನ್ನ ಕಿವಿಯೂ ಮಂದವಾಗಿಯೇ ಉಳಿಯಿತು. ಅವರ ಮೇಲಿನ ಸಿಟ್ಟು ಇಳಿದಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಈಚೆಗೆ ಒಂದು ಭಾನುವಾರ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅತ್ತೆ ಅಡುಗೆಮನೆಯಿಂದ ತಾವಿಟ್ಟ ಹೆಸರಿನಿಂದ ನನ್ನನ್ನು ಕರೆದರು. ನಾನು ಬಟ್ಟೆ ಝಾಡಿಸುತ್ತಲೇ ಇದ್ದೆ. ಇನ್ನೊಮ್ಮೆ ಕರೆದರು. ಆಗ ಮೂರು ವರ್ಷದ ಮಗಳು ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ನಿಂತು, ಎರಡೂ ಕೈಯಿಂದ ಚೌಕಟ್ಟು ಹಿಡಿದುಕೊಂಡು, ಗಂಟಲು ಹರಿಯುವಂತೆ ನನ್ನ ಹೆಸರನ್ನು ಕೂಗಿದಳು. ನನ್ನದನ್ನೇ, ತವರಿಗೆ ಹೋದಾಗ ಕೇಳಿ ಕಲಿತ ಶಹಾಪುರದ್ದನ್ನೇ.

"ತಾಯಿನ್ನ ಹೆಸರು ಹಿಡದು ಕರೀತಾರೇನು? ಅವ್ವಾ ಅನ್ನು," ಎಂದು ಅತ್ತೆ ಒಳಗಿನಿಂದ ಗದರಿದರು.

"ಆಕಿ ಹೆಸರು ಅದಾ ಐತಿ," ಎಂದಳು ಮಗಳು, ಮತ್ತು ಇನ್ನೊಮ್ಮೆ ಕೂಗಿದಳು.

ಕೈಯಲ್ಲಿದ್ದ ಬಟ್ಟೆ ಬಿಟ್ಟು ಓ ಎಂದೆ. ಆ ಮನೆಯಲ್ಲಿ ಹೆಸರಿಗೆ ನಾನು ಓಗೊಟ್ಟದ್ದು ಅದೇ ಮೊದಲು.