ಹಾರ್ಡ್ಲಿ ಅಂದರೆ ಎಷ್ಟು?

ನಾನು ರೋಣದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮಾಸ್ತರ. ಮನೆ ಗಜೇಂದ್ರಗಡದಲ್ಲಿ, ಅಪ್ಪನದು ಅಲ್ಲಿ ಬೀಜದ ಅಂಗಡಿ. ಹೋದ ವರ್ಷ ನನ್ನ ತಂಗಿಯನ್ನು ನೋಡಲು ನರಗುಂದದಿಂದ ಒಬ್ಬ ಹುಡುಗ ಬಂದಿದ್ದ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ದುರಸ್ತಿ ಮಾಡುವ ಅಂಗಡಿ ಇಟ್ಟವನು. ಅವಲಕ್ಕಿ ತಿನ್ನುವಾಗಲೂ ಅವನು ತಲೆ ಎತ್ತಲಿಲ್ಲ. ಕೇಳಿದ್ದಕ್ಕೆಲ್ಲ ಅವನ ತಂದೆಯೇ ಉತ್ತರ ಕೊಟ್ಟರು. ಒತ್ತಾಯಕ್ಕೆ ಬಂದವನಿರಬಹುದೇ ಎಂಬ ಸಂಶಯ ನನಗೆ ಅಂದೇ ಹುಟ್ಟಿತು.

ಎರಡೂ ಮನೆಯವರು ಹೂಂ ಅಂದರು. ತಂಗಿಯೂ ಒಪ್ಪಿದಳು. ನನಗೆ ಮಾತ್ರ ಸಮಾಧಾನವಿಲ್ಲ. ಹುಡುಗನ ಮೊಬೈಲಿಗೆ ಬರೆದೆ: ನನ್ನ ತಂಗಿ ನಿಜವಾಗಿಯೂ ನಿಮ್ಮ ಮನಸ್ಸಿಗೆ ಬಂದಿದ್ದಾಳೆಯೇ, ಮುಚ್ಚಿಡದೆ ತಿಳಿಸಿ. ಉತ್ತರ ಇಂಗ್ಲಿಷಿನಲ್ಲಿ ಬಂತು: “ಸರ್, ಐ ಹಾರ್ಡ್ಲಿ ಲೈಕ್ ಯುವರ್ ಸಿಸ್ಟರ್.”

ಅದೇ ವಾರ ಒಂಬತ್ತನೆಯ ತರಗತಿಗೆ ಈ ಶಬ್ದಗಳನ್ನೇ ಕಲಿಸಿದ್ದೆ. ವೆರಿ ಅಂದರೆ ಬಹಳ. ಟೂ ಅಂದರೆ ಬೇಕಾದದ್ದಕ್ಕಿಂತ ಹೆಚ್ಚು. ಹಾರ್ಡ್ಲಿ ಅಂದರೆ ಇಲ್ಲವೆನ್ನುವಷ್ಟು ಕಡಿಮೆ.

“ಏನಂತ ಬರದಾನ?” ಅಪ್ಪ ಕೇಳಿದರು.

“ನಿಮ್ಮ ತಂಗಿ ಅಂದ್ರ ನನಗ ಅಷ್ಟಕ್ಕಷ್ಟ ಅಂತ.”

“ಮತ್ತ ಹೂಂ ಯಾಕ ಅಂದ? ಅವನ ಮನಸಿನ್ಯಾಗ ಬ್ಯಾರೆ ಯಾರರ ಇರಬೇಕು, ನೋಡು.”

ಅವ್ವ ನಿಶ್ಚಯಕ್ಕೆಂದು ತಂದ ಸೀರೆಯನ್ನು ಟ್ರಂಕಿನೊಳಗೆ ಇಟ್ಟಳು. ತಂಗಿಗೆ ಯಾರೂ ಏನೂ ಹೇಳಲಿಲ್ಲ.

ರವಿವಾರ, ಶಾಲೆಯ ಕೆಲಸವೆಂದು ಅವಳಿಗೆ ಸುಳ್ಳು ಹೇಳಿ ನರಗುಂದದ ಬಸ್ಸು ಹತ್ತಿದೆ. ಅವನ ಅಂಗಡಿಯ ಎದುರು ಒಂದು ಚಹಾದಂಗಡಿ ಇತ್ತು. ಅಲ್ಲಿ ಕಂಬದ ಮರೆಗೆ ಕುಳಿತು ನೋಡಿದೆ. ತಾಮ್ರದ ತಂತಿ ಸುತ್ತುತ್ತಿದ್ದವನಿಗೆ ಫೋನು ಬಂತು. ಕೈ ಒರೆಸಿಕೊಂಡು ಒಳಮೂಲೆಗೆ ಹೋಗಿ ಕುಳಿತ. ನಮ್ಮ ಮನೆಯಲ್ಲಿ ಬಾಯಿಯನ್ನೇ ಬಿಡದವನು ಈಗ ನಾಚಿ ನಾಚಿ ನಗುತ್ತಿದ್ದ. ಸಿಕ್ಕಿಬಿದ್ದ ಅಂದುಕೊಂಡೆ. ಚಹಾ ಅರ್ಧಕ್ಕೇ ಬಿಟ್ಟು ರಸ್ತೆ ದಾಟಿದೆ.

“ಯಾರ ಜೋಡಿ ಮಾತಾಡಾಕತ್ತೀರಿ?”

ಅವನು ಗಾಬರಿಯಾಗಿ ಎದ್ದು ನಿಂತ. “ಸರ್ರ... ಬರ್ರಿ, ಕುಂದರ್ರಿ.” ನಾನು ಕೈ ಚಾಚಿದೆ. ಅವನು ಫೋನು ಕೊಟ್ಟ.

“ಅಣ್ಣಾ? ನೀ ಅಲ್ಲಿಗ್ಯಾಕ ಹೋದಿ?” ನನ್ನ ತಂಗಿಯ ದನಿ.

ಫೋನು ವಾಪಸು ಕೊಟ್ಟು, ನನ್ನ ಮೊಬೈಲಿನಲ್ಲಿದ್ದ ಅವನ ಸಾಲು ತೋರಿಸಿದೆ. ಅವನು ಮತ್ತೊಮ್ಮೆ ಓದಿದ.

“ಖರೇ ಬರದೇನ್ರಿ. ಹಾರ್ಡ್ ಅಂದ್ರ ಗಟ್ಟಿ. ಹಾರ್ಡ್ಲಿ ಅಂದ್ರ ಗಟ್ಟ್ಯಾಗಿ. ತಪ್ಪಾತೇನ್ರಿ? ನೀವು ಇಂಗ್ಲಿಷ್ ಮಾಸ್ತರು, ಕನ್ನಡದಾಗ ಬರದ್ರ ಹಗೂರ ತಿಳ್ಕೋತೀರಿ ಅಂತ...”

ಅರ್ಥ ಹೇಳಿದೆ. ಅವನ ಮುಖ ಸಣ್ಣದಾಯಿತು. ಅವತ್ತು ತಲೆ ಎತ್ತದಿದ್ದದ್ದು ಯಾಕೆ ಎಂದೂ ಕೇಳಿಯೇಬಿಟ್ಟೆ.

“ಹೆದರಿಕಿ ಬಂದಿತ್ರಿ,” ಅಂದ.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಅವ್ವ ಸೀರೆ ಹೊರತೆಗೆದಳು. ತಂಗಿ ಮಾತ್ರ ನಗಲಿಲ್ಲ. ಎರಡು ದಿನ ನನ್ನ ಜೊತೆ ಮಾತೂ ಆಡಲಿಲ್ಲ. ಮೂರನೆಯ ದಿನ ಊಟಕ್ಕೆ ಬಡಿಸುತ್ತ ಕೇಳಿದಳು:

“ಮನ್ಯಾಗ ಎಲ್ಲಾರ್ಗೂ ಓದಿ ಹೇಳಿದಿ. ನನ್ನ ಒಂದ ಮಾತು ಕೇಳಬಾರದಾಗಿತ್ತೇನು? ಅಂವ ಏನಂತಾನಂತ ನನಗ ಗೊತ್ತಿತ್ತು.”

ಮುಂದಿನ ತಿಂಗಳು ನಿಶ್ಚಯವಾಯಿತು. ದಿನ ಗೊತ್ತು ಮಾಡುವ ಮೊದಲು ನಾನು ಅವಳನ್ನೇ ಕೇಳಿದೆ.