ಮಸ್ಕಿಯಲ್ಲಿ ಸಿಕ್ಕ ಮಂಗೋಲ

ಮಸ್ಕಿಯಲ್ಲಿ ಅಶೋಕನ ಶಾಸನದ ಬಂಡೆಗೆ ಅಡ್ಡಬೀಳುತ್ತಿದ್ದ ಪರದೇಶಿಯೊಬ್ಬನನ್ನು ಹಿಡಿದು ಲಿಂಗಸುಗೂರಿಗೆ ತಂದೆ. ನಾನಾಗ ಪೊಲೀಸ್ ಜವಾನ. ಅವನು ‘ಮಂಗೋಲ್, ಮಂಗೋಲ್’ ಎನ್ನುತ್ತಿದ್ದ. ಠಾಣೆಯ ಮುಖ್ಯಸ್ಥರಾದ ಅಮೀನ್ ಸಾಹೇಬರ ಕಣ್ಣಿಗೆ ಅವನು ವೇಷ ಹಾಕಿದ ಕಳ್ಳ. ಮಂಗೋಲನೆಂದು ಖಾತ್ರಿಯಾಗದಿದ್ದರೆ ಜೈಲು.

ಹಡಗಿನಲ್ಲಿ ದುಡಿದು ಸೆಬು ದ್ವೀಪದ ಭಾಷೆ ಕಲಿತು ಬಂದೆನೆನ್ನುವ ಸಿಂಧನೂರಿನ ಖಲಾಸಿಯನ್ನು ಸಾಹೇಬರು ಕರೆಸಿದರು.

“ಪರದೇಶದ ಭಾಷಾ ಎಲ್ಲಾ ಒಂದ ಅಲ್ಲೇನು? ಕೇಳು.”

ಖಲಾಸಿ ನೀರು ತೋರಿಸಿ ‘ತುಬಿಗ್’ ಎಂದ. ಪರದೇಶಿ ‘ಉಸ್’ ಎಂದ. ಬೆಂಕಿಗೆ ಇವನದು ‘ಕಲಾಯೊ’, ಅವನದು ‘ಗಲ್’. ಕಣ್ಣಿಗೆ ‘ಮತಾ’, ‘ನುದ್’. ಠಾಣೆಯೆಲ್ಲ ಸುತ್ತ ನೆರೆಯಿತು. ಗುಮಾಸ್ತ ಎಲ್ಲವನ್ನೂ ಬರೆದುಕೊಂಡ. ಇಪ್ಪತ್ತು ಮಾತಾದವು, ಒಂದೂ ಕೂಡಲಿಲ್ಲ.

“ಸುಳ್ಳಭಾಷಾ ಕಟ್ಟಾಕತ್ತಾನ್ರೀ ಇಂವ!” ಎಂದ ಖಲಾಸಿ.

ನನಗೆ ತಡೆಯಲಾಗಲಿಲ್ಲ. “ಸಾಹೇಬ್ರ, ಅವೇ ಮಾತು ಹಿಂದುಮುಂದು ಮಾಡಿ ಇಬ್ರನೂ ಇನ್ನೊಮ್ಮೆ ಕೇಳ್ರಿ. ಕಟ್ಟಿದ ಮಾತು ಎರಡನೇ ಸಲ ನಿಲ್ಲೂದಿಲ್ರಿ.”

ಕಳ್ಳರನ್ನು ನಾವು ಕೇಳುವುದು ಹಾಗೆಯೇ. ಗುಮಾಸ್ತ ಚೀಟಿ ಹಿಡಿದು ಕೂತ. ಪರದೇಶಿಯ ಇಪ್ಪತ್ತೂ ಮಾತು ಇದ್ದ ಹಾಗೇ ಬಂದವು. ಖಲಾಸಿಯವು ಎಂಟು ಬದಲಾದವು.

ಸಾಹೇಬರು ಪರದೇಶಿಯನ್ನು ಬಿಟ್ಟರು. ಖಲಾಸಿಯನ್ನು ಕೂರಿಸಿಕೊಂಡರು.