ಹೆಸರಿಲ್ಲದ ಹನ್ನೆರಡು ಚಿತ್ರಗಳು

ನಮ್ಮ ಚಿಕ್ಕಮ್ಮನ ಕೈಗೆ ಮದುವೆಯ ಕರೆಯೋಲೆ ಕೊಟ್ಟರೆ ಮದುವೆ ಯಾರದ್ದೆಂದು ನೋಡುವುದಿಲ್ಲ, ತಪ್ಪೆಲ್ಲಿದೆ ಎಂದು ನೋಡುತ್ತಾಳೆ. ಮೂವತ್ತೊಂದು ವರ್ಷ ಒಂದೇ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು. ಔಷಧಿ ಡಬ್ಬಿಯ ಮೇಲಿನ ಬರಹ, ಮಂತ್ರಿಗಳ ಭಾಷಣ, ಸತ್ತವರ ಫೋಟೊ ಕೆಳಗಿನ ನಾಲ್ಕು ಸಾಲು, ಯಾವುದೂ ಅವಳ ಕೆಂಪು ಪೆನ್ನಿನಿಂದ ತಪ್ಪಿಸಿಕೊಂಡದ್ದಿಲ್ಲ. ನೆಂಟರು ಬೆನ್ನ ಹಿಂದೆ ಅವಳನ್ನು 'ತಿದ್ದುಪಡಿ' ಎನ್ನುತ್ತಾರೆ. ಎದುರಿಗೆ ಅನ್ನುವಷ್ಟು ಗುಂಡಿಗೆ ಯಾರಿಗೂ ಇಲ್ಲ, ನನಗಂತೂ ಮೊದಲೇ ಇಲ್ಲ.

ಇಷ್ಟೆಲ್ಲ ಆದರೂ ಅವಳೇ ಬರೆದ ಒಂದು ಸಾಲೂ ಎಲ್ಲಿಯೂ ಅಚ್ಚಾಗಿರಲಿಲ್ಲ. ಆ ಕೊರಗನ್ನು ಅವಳು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಬಟ್ಟೆ ಮಡಚುತ್ತಾ.

"ಕಂಡೋರ ಮಾತೆಲ್ಲ ನೆಟ್ಟಗೆ ಮಾಡಿದೆ ಕಣೋ. ನಂದು ಅಂತ ಒಂದು ಸಾಲಿಲ್ಲ."

ನಾನು ಏನೋ ಸಮಾಧಾನ ಹೇಳಿದೆ. ಅದರಲ್ಲೂ ಎರಡು ತಪ್ಪು ಹಿಡಿದಳು.

ಹೀಗಿರುವಾಗ ಪ್ರೆಸ್ಸಿಗೆ ದೊಡ್ಡ ಕೆಲಸವೊಂದು ಬಂತು. ಹೆಸರುವಾಸಿ ಕಲಾವಿದರೊಬ್ಬರ ಹನ್ನೆರಡು ಅಮೂರ್ತ ಚಿತ್ರಗಳನ್ನು ಒಳ್ಳೆಯ ದಪ್ಪ ಕಾಗದದ ಮೇಲೆ ಪೋಸ್ಟ್‌ಕಾರ್ಡ್ ಮಾಡಬೇಕು. ಬಣ್ಣ ಕೂದಲೆಳೆಯಷ್ಟೂ ಆಚೀಚೆ ಆಗುವಂತಿಲ್ಲ. ಮುಂದೆ ಚಿತ್ರ, ಹಿಂದೆ ಮೂಲೆಯಲ್ಲಿ ಅದರ ಹೆಸರು. ಗ್ಯಾಲರಿಯಿಂದ ಬಂದ ಪಟ್ಟಿಯಲ್ಲಿ ಹನ್ನೆರಡು ಸಾಲಿದ್ದವು, ಹನ್ನೆರಡರಲ್ಲೂ 'ಶೀರ್ಷಿಕೆ ಇಲ್ಲ' ಎಂದಿತ್ತು. ಚಿಕ್ಕಮ್ಮ ಫೋನ್ ಮಾಡಿ ದಬಾಯಿಸಿದಳು.

"ಅವರು ಹೆಸರಿಡಲ್ಲ ಮೇಡಂ," ಎಂದ ಗ್ಯಾಲರಿಯವನು. "ಅರ್ಥ ಏನು ಅಂತ ಯಾರೇ ಕೇಳಿದ್ರೂ 'ನೀವೇ ಏನಾದ್ರೂ ಅಂದ್ಕೊಳ್ಳಿ' ಅಂತಾರೆ."

"ಹಾಗಂತಾರಾ?"

"ಹೂಂ."

ಸರಿ, ಚಿಕ್ಕಮ್ಮ ಅಂದುಕೊಂಡಳು. ಪ್ರೆಸ್ಸಿನ ಯಜಮಾನರು ಮಗಳ ಹೆರಿಗೆಗೆಂದು ಊರಿನಲ್ಲಿರಲಿಲ್ಲ, ಕಡೆಯ ಸಹಿ ಇವಳದೇ. ಮೂರು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಳು. ನೀಲಿ ಪಟ್ಟೆಗಳ ಚಿತ್ರ 'ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ' ಎಂದಾಯಿತು. ಹಸಿರಿನ ಮಧ್ಯೆ ಬಿಳಿ ಚೌಕಗಳಿದ್ದದ್ದು 'ಆಸ್ಪತ್ರೆಯ ಬೆಂಚು, ನಮ್ಮ ಸರದಿ ಇನ್ನೂ ಬಂದಿಲ್ಲ'. ದೊಡ್ಡ ಕಪ್ಪು ಮುದ್ದೆಯೊಂದಿತ್ತು, ಅದಕ್ಕೆ 'ಯಜಮಾನರು ಕರೆದರು'. ಹೀಗೆ ಹನ್ನೆರಡೂ ಅಚ್ಚಾಗಿ, ಒಣಗಿ, ಕಟ್ಟು ಕಟ್ಟಿಸಿಕೊಂಡು ಕೂತವು.

ತಾತನಾದ ಖುಷಿಯಲ್ಲಿ ಬಂದ ಯಜಮಾನರು ಒಂದು ಕಾರ್ಡು ತಿರುಗಿಸಿ ನೋಡಿ ತಲೆಯ ಮೇಲೆ ಕೈ ಹೊತ್ತು ಕೂತರು.

"ನಾಳೆ ಆ ಮನುಷ್ಯ ನೋಡೋಕೆ ಬರ್ತಾರಮ್ಮ. ಅವರು ಒಪ್ಪಿದ್ರೆ ಸರಿ. ಇಲ್ಲಾಂದ್ರೆ ಇದಿಷ್ಟೂ ರದ್ದಿಗೆ, ನೀವು ಮನೆಗೆ."

ಮಾರನೆಯ ದಿನ ಊಟದ ಡಬ್ಬಿ ಕೊಡುವ ನೆಪದಲ್ಲಿ ನಾನೂ ಪ್ರೆಸ್ಸಿಗೆ ಹೋಗಿ ನಿಂತೆ. ನೆಂಟರಿಗೆ ವರದಿ ಒಪ್ಪಿಸಲು ಒಬ್ಬರು ಬೇಡವೇ? ಚಿಕ್ಕಮ್ಮ ಹೆದರಿದ್ದಳು. ಕೆಲಸ ಹೋಗುತ್ತದೆ ಎಂದಲ್ಲ, ಆ ಹನ್ನೆರಡು ಸಾಲು ರದ್ದಿಗೆ ಹೋಗುತ್ತವೆ ಎಂದು.

ಕಲಾವಿದರು ಮೊದಲ ಕಾರ್ಡು ಓದುತ್ತಲೇ ಕೆಂಡವಾದರು.

"ಬಾಡಿಗೆ ಮನೆಯಂತೆ! ರೀ, ಅದು ನಮ್ಮಪ್ಪನ ಅಂಗಡಿ ಬಾಗಿಲು. ಬೆಳಗಾದ್ರೆ ಒಂದೊಂದೇ ಹಲಗೆ ತೆಗೆದು ಗೋಡೆಗೆ ಒರಗಿಸ್ತಿದ್ರು!"

"ಎಷ್ಟು ಹಲಗೆ?" ಎಂದಳು ಚಿಕ್ಕಮ್ಮ.

"ಏಳು! ಎಣಿಸಿ ಬೇಕಾದ್ರೆ!"

ಚಿಕ್ಕಮ್ಮ ಎಣಿಸಿದಳು. ಏಳೇ ಇದ್ದವು. ತನ್ನ ಸಾಲು ಹೊಡೆದುಹಾಕಿ 'ಅಪ್ಪನ ಅಂಗಡಿಯ ಏಳು ಹಲಗೆ' ಎಂದು ಕೆಂಪು ಪೆನ್ನಿನಲ್ಲಿ ಬರೆದಳು. ಕಲಾವಿದರು ಅದನ್ನು ಗಮನಿಸಲೇ ಇಲ್ಲ, ಎರಡನೆಯ ಕಾರ್ಡಿಗೆ ಕೂಗಾಡತೊಡಗಿದ್ದರು. ಆಸ್ಪತ್ರೆಯಲ್ಲ, ಅಕ್ಕ ಕಲಿಸಿದ ಚದುರಂಗ. ಯಜಮಾನರಲ್ಲ, ಸ್ಕೂಲಿನಲ್ಲಿ ಚೆಲ್ಲಿದ ಶಾಯಿ, ತಿಂದ ಏಟು. ಪಂಡಿತರು ಶೂನ್ಯ, ಅನಂತ ಎಂದು ಪುಟಗಟ್ಟಲೆ ಬರೆದರೂ ಬಾಯಿಬಿಡದ ಆಸಾಮಿ ಸಿಟ್ಟಿನ ಭರದಲ್ಲಿ ಹನ್ನೊಂದು ಚಿತ್ರಗಳ ಗುಟ್ಟು ಒದರಿಬಿಟ್ಟಿದ್ದರು. ಚಿಕ್ಕಮ್ಮ ತನ್ನ ಹನ್ನೊಂದು ಸಾಲುಗಳನ್ನು ತಾನೇ ಹೊಡೆದುಹಾಕಿದ್ದಳು.

ಹನ್ನೆರಡನೆಯದು ಪೂರ್ತಿ ಬೂದು. ನಡುವೆ ಮೇಲಿನಿಂದ ಕೆಳಗಿನವರೆಗೆ ತೆಳುವಾದ ಒಂದು ಬಿಳಿ ಗೆರೆ. ಕಲಾವಿದರು ಕಾರ್ಡು ತಿರುಗಿಸಿ ಗಟ್ಟಿಯಾಗಿ ಓದಿದರು.

"'ಬಾಗಿಲು ತಟ್ಟಿದ ಹಾಗಾಯಿತು, ತೆಗೆದರೆ ಯಾರೂ ಇರಲಿಲ್ಲ.'"

ಈ ಸಲ ಕೂಗಾಡದೆ ಕಾರ್ಡು ಮಗುಚಿ ಆ ಬಿಳಿ ಗೆರೆಯನ್ನೇ ನೋಡಿದರು. ಚಿಕ್ಕಮ್ಮ ಪೆನ್ನು ಹಿಡಿದು ಕಾದಳು.

"ಇದು ನಿಜವಾಗಿ ಏನು, ಹೇಳಿ. ಬರ್ಕೊಳ್ತೀನಿ."

"ಈವರೆಗೆ ನಂಗೂ ಗೊತ್ತಿರ್ಲಿಲ್ಲ," ಎಂದರು ಅವರು. "ಹೀಗೇ ಇರ್ಲಿ. ಮಿಕ್ಕಿದ್ದು ನೀವು ಬರ್ಕೊಂಡ ಹಾಗೇ ಹಾಕಿ."

ಚಿಕ್ಕಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಚಿಕ್ಕಮ್ಮ ಒಬ್ಬಳೇ ಇದ್ದಳು. ಅಷ್ಟು ದಿನದಲ್ಲಿ ಅವಳು ಹಾಗೆ ಎಷ್ಟು ಸಲ ಎದ್ದು ಬಾಗಿಲು ತೆಗೆದಿದ್ದಳೋ, ನಮ್ಮಲ್ಲೊಬ್ಬರೂ ಕೇಳಿರಲಿಲ್ಲ. ವರದಿ ಒಪ್ಪಿಸಲು ಬಂದವನಿಗೆ ನಾಚಿಕೆಯಾಯಿತು.

ಹನ್ನೊಂದು ಕಾರ್ಡುಗಳು ರದ್ದಿಗೆ ಹೋಗಿ ಮತ್ತೆ ಅಚ್ಚಾದವು. ಯಜಮಾನರು ಗೊಣಗಿದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ಚಿಕ್ಕಮ್ಮ ಮಾತ್ರ "ಹನ್ನೆರಡಕ್ಕೆ ಹನ್ನೊಂದು ತಪ್ಪಂತೆ, ಅವನ ಮುಖ!" ಎಂದು ಬೈಯುತ್ತಲೇ ಹನ್ನೆರಡನೆಯ ಕಾರ್ಡನ್ನು ನೆಂಟರಿಗೆಲ್ಲ ಒಂದೊಂದು ಅಂಚೆಗೆ ಹಾಕಿದಳು. ನಮ್ಮ ಮನೆಗೂ ಬಂತು. ವಿಳಾಸ ಬಿಟ್ಟರೆ ಕೈಬರಹ ಒಂದಕ್ಷರವೂ ಇಲ್ಲ. ಅಮ್ಮ ತಂಗಿಗೆ ಫೋನ್ ಮಾಡಿದಳು.

"ಏನೇ ಇದು, ಖಾಲಿ ಕಾರ್ಡು ಕಳಿಸಿದ್ದೀಯ?"

"ಖಾಲಿ ಎಲ್ಲಿದೆ ಅಕ್ಕ? ಮೂಲೇಲಿ ನೋಡು, ನಾನೇ ಬರೆದದ್ದು."

ಅಮ್ಮ ಫೋನಿಟ್ಟು, ಕನ್ನಡಕ ಹುಡುಕಿ ಹಾಕಿಕೊಂಡು, ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಒಲೆ ಆರಿಸಿ, "ಚಪ್ಪಲಿ ಹಾಕ್ಕೋ, ಹೋಗಿ ಬರೋಣ," ಎಂದಳು.